ಓಡುತ್ತಲೇ ನಿಲ್ಲುವ ಹಳೆಯ ಕಾರು: ಬಿಡಿಭಾಗ ಬದಲಿಸುವ ಮುನ್ನ ದೋಷ ಹಿಡಿಯಿರಿ

ಮಾನ್ಯ ಸಂಪಾದಕರೇ,

ಪತ್ರಿಕೆಗಳ ವಾಹನ ಪುಟಗಳಲ್ಲಿ ಹೊಸ ಕಾರುಗಳ ಪರಿಚಯಕ್ಕೆ ಕೊರತೆಯಿಲ್ಲ. ಆದರೆ ಇಪ್ಪತ್ತು, ಮೂವತ್ತು ವರ್ಷ ಹಳೆಯ ಕಾರನ್ನು ಇಂದಿಗೂ ಓಡಿಸುವವರನ್ನು ಕಾಡುವ ಒಂದು ದೋಷದ ಬಗ್ಗೆ ವಿವರವಾಗಿ ಬರುವುದು ಕಡಿಮೆ. ಗಾಡಿ ಓಡುತ್ತ ಓಡುತ್ತಲೇ ಎಂಜಿನ್ ಆಫ್ ಆಗುತ್ತದೆ. ಹತ್ತು-ಹದಿನೈದು ನಿಮಿಷ ಬಿಟ್ಟು ಸೆಲ್ಫ್ ಹೊಡೆದರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ. ಗ್ಯಾರೇಜಿಗೆ ಒಯ್ದಾಗ ಸರಿಯಾಗಿಯೇ ಓಡುತ್ತದೆ. ಸರಿಯಾಗಿ ಓಡುವ ಗಾಡಿಯಲ್ಲಿ ದೋಷ ಸಿಗುವುದಿಲ್ಲ, ಸಿಗದಿದ್ದಾಗ ಊಹೆ ಶುರುವಾಗುತ್ತದೆ. ಮೊದಲು ಪ್ಲಗ್, ಆಮೇಲೆ ಫಿಲ್ಟರ್, ಆಮೇಲೆ ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಹುಟ್ಟಿಸುವ ಕಾಯಿಲ್, ಕೊನೆಗೆ ಪೆಟ್ರೋಲ್ ಪಂಪ್. ಎಲ್ಲ ಬದಲಾಯಿಸಿದ ಮೇಲೂ ಗಾಡಿ ಹಾಗೆಯೇ ನಿಲ್ಲುತ್ತದೆ.

ಈ ಪದ್ಧತಿಯೇ ತಪ್ಪು. ದೋಷ ಕಾಣುವುದು ಎಂಜಿನ್ ನಿಂತ ಮೇಲಿನ ಮೊದಲ ಐದು ನಿಮಿಷದಲ್ಲಿ, ಅದು ಮತ್ತೆ ಸ್ಟಾರ್ಟ್ ಆಗುವುದಕ್ಕೆ ಮುಂಚೆ. ಆ ಹೊತ್ತಿನಲ್ಲಿ ಇಲ್ಲವಾಗಿರುವುದು ಕಿಡಿಯೋ ಪೆಟ್ರೋಲೋ ಎಂಬುದೊಂದನ್ನು ಖಚಿತ ಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಅದನ್ನು ಖಚಿತ ಮಾಡಿಕೊಳ್ಳುವ ಬಗೆಯನ್ನು ಓದುಗರ ಗಮನಕ್ಕೆ ತರಲೆಂದು ಈ ಪತ್ರ.

ಎಲ್ಲಕ್ಕಿಂತ ಮೊದಲು ಜೀವದ ಮಾತು. ಎಂಜಿನ್ ಆಫ್ ಆದ ಕೂಡಲೇ ಬ್ರೇಕ್ ಹೋಗುವುದಿಲ್ಲ. ಪೆಡಲಿಗೆ ಬಲ ಕೂಡಿಸುವ ಬ್ರೇಕ್ ಬೂಸ್ಟರಿನಲ್ಲಿ ಉಳಿದಿರುವ ವ್ಯಾಕ್ಯೂಮ್ (ನಿರ್ವಾತ) ಒಂದೆರಡು ಬಾರಿ ಒತ್ತುವಷ್ಟು ನೆರವು ಕೊಡುತ್ತದೆ. ಗಾಬರಿಯಾಗಿ ಪೆಡಲನ್ನು ಪದೇ ಪದೇ ಒತ್ತಿದರೆ ಅದು ಖಾಲಿಯಾಗಿ ಪೆಡಲು ಕಲ್ಲಿನಂತೆ ಗಟ್ಟಿಯಾಗುತ್ತದೆ. ಒಂದೇ ಸಮನೆ ಒತ್ತಿ ಹಿಡಿಯಬೇಕು. ಪವರ್ ಸ್ಟೀರಿಂಗ್ ಇದ್ದರೆ ಭಾರವಾಗುತ್ತದೆ, ಆದರೆ ತಿರುಗುತ್ತದೆ. ಗಾಡಿ ಪೂರ್ತಿ ನಿಲ್ಲುವವರೆಗೆ ಕೀಲಿಯನ್ನು ಲಾಕ್ ಸ್ಥಾನಕ್ಕೆ ತಿರುಗಿಸಲೇಬಾರದು, ಸ್ಟೀರಿಂಗ್ ಬೀಗ ಬೀಳುತ್ತದೆ. ಅಪಾಯ ಸೂಚಿಸುವ ನಾಲ್ಕೂ ಇಂಡಿಕೇಟರ್ ಹಾಕಿ, ನ್ಯೂಟ್ರಲ್ ಮಾಡಿ, ಉರುಳುವ ವೇಗದಲ್ಲೇ ರಸ್ತೆಯ ಅಂಚಿಗೆ ಬರಬೇಕು. ನಿಂತ ಜಾಗ ಸುರಕ್ಷಿತವಲ್ಲದಿದ್ದರೆ ಮುಂದೆ ಹೇಳುವ ಯಾವ ಪರೀಕ್ಷೆಯನ್ನೂ ಅಲ್ಲಿ ಮಾಡಬೇಡಿ. ಗಾಡಿಯಿಂದ ಇಳಿದು ದೂರ ನಿಲ್ಲಿ.

ಇನ್ನು ಎಂಜಿನ್ ಹೇಗೆ ನಿಂತಿತು ಎಂಬ ಪ್ರಶ್ನೆ. ಇದಕ್ಕೆ ಉತ್ತರ ಕೊಡಬಲ್ಲವರು ಚಾಲಕರೊಬ್ಬರೇ, ಮೆಕ್ಯಾನಿಕ್ ಅಲ್ಲ. ಕೀಲಿ ತಿರುಗಿಸಿ ಆಫ್ ಮಾಡಿದ ಹಾಗೆ ಕ್ಷಣದಲ್ಲಿ ನಿಂತರೆ ಅನುಮಾನ ಹೋಗಬೇಕಾದ್ದು ಕರೆಂಟಿನ ಕಡೆಗೆ: ಕೀಲಿಯ ಹಿಂದಿನ ಇಗ್ನಿಷನ್ ಸ್ವಿಚ್, ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ರಿಲೇ, ಕಾಯಿಲ್, ಎಂಜಿನ್ ತಿರುಗುವುದನ್ನು ಗುರುತಿಸುವ ಕ್ರ್ಯಾಂಕ್ ಸೆನ್ಸರ್, ಬಾಡಿಗೆ ಕೂಡುವ ಅರ್ಥಿಂಗ್. ಮೊದಲು ಪಿಕಪ್ ಕಡಿಮೆಯಾಗಿ, ಎಕ್ಸಲರೇಟರ್ ಒತ್ತಿದರೂ ಏಳದೆ, ಜಗ್ಗಿ ಜಗ್ಗಿ ಕೊನೆಗೆ ನಿಂತರೆ ಅದು ಬಹುಮಟ್ಟಿಗೆ ಪೆಟ್ರೋಲಿನ ಕೊರತೆ. ಕಾರಿನಲ್ಲಿ ಆರ್‌ಪಿಎಂ ಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಗೇರಿನಲ್ಲಿ ಉರುಳುವ ಗಾಡಿಯಲ್ಲಿ ಚಕ್ರಗಳು ಎಂಜಿನ್ನನ್ನು ತಿರುಗಿಸುತ್ತಲೇ ಇರುತ್ತವೆ. ಆ ಹೊತ್ತಿನಲ್ಲೂ ಮುಳ್ಳು ಸರ್ರನೆ ಸೊನ್ನೆಗೆ ಬಿದ್ದರೆ ಮೀಟರಿಗೆ ಬರಬೇಕಾದ ಇಗ್ನಿಷನ್ ಸಿಗ್ನಲ್ಲೇ ತಪ್ಪಿದೆ ಎಂದರ್ಥ. ಮುಳ್ಳು ವೇಗದ ಜೊತೆಗೇ ನಿಧಾನವಾಗಿ ಇಳಿದರೆ ಇಗ್ನಿಷನ್ ಸಿಗ್ನಲ್ ಇದೆ, ಪೆಟ್ರೋಲಿನ ಕಡೆ ನೋಡಬೇಕು. ಡ್ಯಾಶ್‌ಬೋರ್ಡಿನ ದೀಪಗಳನ್ನೂ ಗಮನಿಸಿ. ಎಂಜಿನ್ ನಿಂತಾಗ ಬ್ಯಾಟರಿ ಮತ್ತು ಆಯಿಲ್ ದೀಪ ಹತ್ತಿಕೊಳ್ಳುವುದು ಸಹಜ. ಅವೂ ಹತ್ತದೆ, ರೇಡಿಯೊ, ದೀಪ ಎಲ್ಲವೂ ಒಟ್ಟಿಗೆ ಸತ್ತರೆ ಬ್ಯಾಟರಿ ಟರ್ಮಿನಲ್, ಮುಖ್ಯ ಫ್ಯೂಸ್, ಇಗ್ನಿಷನ್ ಸ್ವಿಚ್ ಇಷ್ಟರಲ್ಲೇ ದೋಷವಿದೆ.

ಜೊತೆಗೆ ಒಂದು ಚೀಟಿಯಲ್ಲಿ ಬರೆದಿಡಿ: ಎಂಜಿನ್ ಎಷ್ಟು ಬಿಸಿಯಾಗಿತ್ತು, ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲ್ ಇತ್ತು, ಏರಿನಲ್ಲೋ ತಿರುವಿನಲ್ಲೋ ಬ್ರೇಕ್ ಒತ್ತಿದಾಗಲೋ, ಮಳೆ ಬರುತ್ತಿತ್ತೋ, ಗುಂಡಿಗೆ ಇಳಿದ ಮೇಲೋ, ಮತ್ತೆ ಸ್ಟಾರ್ಟ್ ಆಗಲು ಎಷ್ಟು ಹೊತ್ತು ಹಿಡಿಯಿತು. ಇಂಥ ಮೂರು ಚೀಟಿಗಳನ್ನು ಪಕ್ಕಪಕ್ಕ ಇಟ್ಟರೆ ದೋಷದ ಸ್ವಭಾವ ತಾನಾಗಿ ಕಾಣುತ್ತದೆ.

ಈಗ ಪರೀಕ್ಷೆಗೆ ಬರೋಣ. ನಿಂತ ತಕ್ಷಣ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆಯಿರಿ. ದೀರ್ಘವಾಗಿ ಗಾಳಿ ಒಳಗೆಳೆದುಕೊಂಡ ಸದ್ದು ಬಂದು, ಆಮೇಲೆ ಎಂಜಿನ್ ಸ್ಟಾರ್ಟ್ ಆಗಿ ಸರಿಯಾಗಿ ಓಡಿದರೆ ಟ್ಯಾಂಕಿನ ಗಾಳಿದಾರಿ ಕಟ್ಟಿದೆ. ಪೆಟ್ರೋಲ್ ಖಾಲಿಯಾದಂತೆಲ್ಲ ಒಳಗೆ ಗಾಳಿ ಬರಬೇಕು. ಬಾರದಿದ್ದರೆ ಟ್ಯಾಂಕಿನೊಳಗೆ ವ್ಯಾಕ್ಯೂಮ್ ಹೆಚ್ಚಿ, ಪಂಪು ಎಷ್ಟು ಎಳೆದರೂ ಪೆಟ್ರೋಲ್ ಬರುವುದಿಲ್ಲ. ಸ್ವಲ್ಪ ಸದ್ದು ಬರುವುದು ಹಲವು ಕಾರುಗಳಲ್ಲಿ ಸಹಜ, ಅದಕ್ಕೆ ಹೆದರಬೇಕಿಲ್ಲ.

ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್ ಇರುವ ಗಾಡಿಯಾದರೆ ಏರ್ ಫಿಲ್ಟರಿನ ಮುಚ್ಚಳ ತೆಗೆದು, ಎಂಜಿನ್ ಆಫ್ ಇರುವಾಗಲೇ ಥ್ರಾಟಲ್ ಕಡ್ಡಿಯನ್ನು ಕೈಯಿಂದ ಎಳೆದು ಕಾರ್ಬುರೇಟರಿನ ಗಂಟಲೊಳಗೆ ನೋಡಿ. ಎಕ್ಸಲರೇಟರ್ ಪಂಪಿನಿಂದ ಪೆಟ್ರೋಲ್ ತೆಳ್ಳಗೆ ಚಿಮ್ಮಿದರೆ ಕಾರ್ಬುರೇಟರಿನ ಪುಟ್ಟ ತೊಟ್ಟಿಯಾದ ಫ್ಲೋಟ್ ಬೌಲಿನಲ್ಲಿ ಪೆಟ್ರೋಲ್ ಇದೆ, ಕಿಡಿಯ ಕಡೆಗೆ ಹೋಗಿ. ಚಿಮ್ಮದಿದ್ದರೆ ಬೌಲ್ ಒಣಗಿದೆ. ಇದಕ್ಕೆ ಯಾವ ಉಪಕರಣವೂ ಬೇಡ, ಅರ್ಧ ನಿಮಿಷದ ಕೆಲಸ. ಎಂಜಿನ್ ತಿರುಗಿಸುವಾಗ ಮಾತ್ರ ಮುಖವನ್ನು ಕಾರ್ಬುರೇಟರಿನ ಮೇಲೆ ಹಿಡಿಯಬಾರದು. ಬೆಂಕಿ ಮೇಲಕ್ಕೆ ಉಗುಳುವುದುಂಟು.

ಪೆಟ್ರೋಲನ್ನು ಒತ್ತಡದಲ್ಲಿ ಇಂಜೆಕ್ಟರುಗಳಿಂದ ಸಿಂಪಡಿಸುವ ಇಂಜೆಕ್ಷನ್ ಗಾಡಿಯಾದರೆ ಕೀಲಿ ಆನ್ ಮಾಡಿ ಕಿವಿಗೊಡಿ. ಬಹುತೇಕ ಗಾಡಿಗಳಲ್ಲಿ ಟ್ಯಾಂಕಿನ ಕಡೆಯಿಂದ ಸುಮಾರು 2 ಸೆಕೆಂಡ್ ಗುಂಯ್ ಎಂಬ ಪಂಪಿನ ಸದ್ದು ಬಂದು ನಿಲ್ಲುತ್ತದೆ. ಸದ್ದು ಬಂದ ಮಾತ್ರಕ್ಕೆ ಒತ್ತಡ ಸರಿಯಿದೆ ಎಂದಲ್ಲ. ಆದರೆ ಸದ್ದೇ ಇಲ್ಲದಿದ್ದರೆ ಫ್ಯೂಸ್, ರಿಲೇ, ಪಂಪು, ಅದರ ವೈರು ಇವಿಷ್ಟರಲ್ಲಿ ಹುಡುಕಬೇಕು. ಕೆಲವು ಕಾರುಗಳಲ್ಲಿ ಡಿಕ್ಕಿಯಾದಾಗ ಪಂಪು ನಿಲ್ಲಿಸುವ ಇನರ್ಷಿಯಾ ಸ್ವಿಚ್ ಇರುತ್ತದೆ. ದೊಡ್ಡ ಗುಂಡಿಗೆ ಬಿದ್ದಾಗಲೂ ಅದು ಎಗರುತ್ತದೆ. ಅದರ ಬಟನ್ ಒತ್ತಿದರೆ ಸರಿ, ಒತ್ತುವ ಮುನ್ನ ಪೆಟ್ರೋಲ್ ಎಲ್ಲೂ ಸೋರುತ್ತಿಲ್ಲವೆಂದು ನೋಡಿಕೊಳ್ಳಬೇಕು.

ಕಿಡಿ ನೋಡಲು ಪ್ಲಗ್ ವೈರನ್ನು ಕೈಯಲ್ಲಿ ಹಿಡಿದು ಬಾಡಿಗೆ ತಾಗಿಸುವ ಹಳೆಯ ಅಭ್ಯಾಸ ಬಿಡಬೇಕು. ಎಲೆಕ್ಟ್ರಾನಿಕ್ ಇಗ್ನಿಷನ್ನಿನ ಸಾವಿರಾರು ವೋಲ್ಟಿನ ಹೊಡೆತ ಅಪಾಯಕಾರಿ, ದಾರಿ ಸಿಗದ ಕಿಡಿ, ಕಾಯಿಲಿನ ಕರೆಂಟನ್ನು ಆನ್-ಆಫ್ ಮಾಡುವ ಇಗ್ನಿಷನ್ ಮಾಡ್ಯೂಲನ್ನೂ ಸುಡುತ್ತದೆ. ಪ್ಲಗ್ ಮತ್ತು ವೈರಿನ ನಡುವೆ ಸಿಕ್ಕಿಸುವ ಸ್ಪಾರ್ಕ್ ಟೆಸ್ಟರ್ ಬಳಸಿ. ಇಂಜೆಕ್ಟರಿನ ಸಾಕೆಟ್ಟಿಗೆ ಹಾಕುವ ನಾಯ್ಡ್ ಲೈಟ್ ಎಂಬ ಪುಟ್ಟ ದೀಪವೂ ಜೊತೆಗಿರಲಿ. ಸೆಲ್ಫ್ ಹೊಡೆದಾಗ ಕಿಡಿಯೂ ಇಲ್ಲ, ಇಂಜೆಕ್ಟರ್ ದೀಪವೂ ಮಿಣುಕುವುದಿಲ್ಲ ಎಂದರೆ ಎರಡಕ್ಕೂ ಸಾಮಾನ್ಯವಾದದ್ದು ಕೆಟ್ಟಿದೆ: ಕ್ರ್ಯಾಂಕ್ ಸೆನ್ಸರ್, ಎಂಜಿನ್ನಿನ ಕಂಪ್ಯೂಟರಾದ ಇಸಿಯುಗೆ ಕರೆಂಟ್ ಕೊಡುವ ಮುಖ್ಯ ರಿಲೇ, ಅಥವಾ ಅದರ ಅರ್ಥಿಂಗ್. ದೀಪ ಮಿಣುಕುತ್ತದೆ, ಕಿಡಿ ಮಾತ್ರ ಇಲ್ಲ ಎಂದರೆ ಕಾಯಿಲ್ ಅಥವಾ ಇಗ್ನಿಷನ್ ಮಾಡ್ಯೂಲ್. ಎರಡೂ ಇದ್ದು ಎಂಜಿನ್ ಹಿಡಿಯದಿದ್ದರೆ ಪೆಟ್ರೋಲ್ ಒತ್ತಡ ನೋಡಬೇಕು. ಹಳೆಯ ಇಂಜೆಕ್ಷನ್ ಕಾರುಗಳಲ್ಲಿ ಇಷ್ಟು ವಿಂಗಡಣೆ ಮಾಡಿಕೊಂಡರೆ ಮುಂದಿನ ಹುಡುಕಾಟ ನಾಲ್ಕೈದು ಭಾಗಗಳಿಗೆ ಇಳಿಯುತ್ತದೆ.

ಎಷ್ಟೋ ಸಲ ಬಾನೆಟ್ ಎತ್ತುವಷ್ಟರಲ್ಲಿ ದೋಷ ಮಾಯವಾಗಿರುತ್ತದೆ. ಅಂಥ ಗಾಡಿಗೆ ಎರಡು ದೀಪಗಳ ಉಪಾಯವೇ ಸೈ. 12 ವೋಲ್ಟಿನ, 3ರಿಂದ 5 ವ್ಯಾಟಿನ ಎರಡು ಪುಟ್ಟ ಬಲ್ಬು ತೆಗೆದುಕೊಳ್ಳಿ. ಒಂದನ್ನು ಪೆಟ್ರೋಲ್ ಪಂಪಿಗೆ ಹೋಗುವ ಕರೆಂಟ್ ವೈರಿಗೆ, ಇನ್ನೊಂದನ್ನು ಇಗ್ನಿಷನ್ ಕಾಯಿಲಿನ ಪ್ಲಸ್ ತುದಿಗೆ ಜೋಡಿಸಿ. ಪ್ರತಿಯೊಂದು ವೈರಿನ ಆರಂಭದಲ್ಲೇ 1 ಆಂಪಿಯರ್ ಫ್ಯೂಸ್ ಇರಲಿ, ಇಲ್ಲದಿದ್ದರೆ ಎಲ್ಲಾದರೂ ತಾಗಿ ಹೊಸ ದೋಷ ಹುಟ್ಟೀತು. ಎರಡರ ಇನ್ನೊಂದು ತುದಿ ಬಾಡಿಯ ಬರಿಯ ಲೋಹಕ್ಕೆ. ಬಲ್ಬುಗಳನ್ನು ಡ್ಯಾಶ್‌ಬೋರ್ಡಿನ ಮೇಲೆ ಟೇಪಿನಿಂದ ಅಂಟಿಸಿ, ಯಾವುದು ಯಾವುದರದೆಂದು ಬರೆದು, ಎಂದಿನಂತೆ ಓಡಿಸಿ. ನೋಡುವ ಕೆಲಸ ಪಕ್ಕದಲ್ಲಿ ಕುಳಿತವರದಾಗಿರಲಿ. ಎಂಜಿನ್ ನಿಂತ ಕ್ಷಣದಲ್ಲಿ ಎರಡೂ ಬಲ್ಬು ಒಟ್ಟಿಗೆ ಆರಿದರೆ ಇಗ್ನಿಷನ್ ಸ್ವಿಚ್ ಅಥವಾ ಮುಖ್ಯ ರಿಲೇ. ಪಂಪಿನದು ಮೊದಲು ಆರಿ, ಎಂಜಿನ್ ಒಂದೆರಡು ಸೆಕೆಂಡ್ ಎಳೆದಾಡಿ ನಿಂತರೆ ಪಂಪಿನ ರಿಲೇ ಅಥವಾ ವೈರು. ಎಂಜಿನ್ ಪೂರ್ತಿ ನಿಂತ ಮೇಲೆ ಪಂಪಿನ ಬಲ್ಬು ಆರುವುದು ತಪ್ಪಲ್ಲ. ಎಂಜಿನ್ ತಿರುಗದಿದ್ದರೆ ಇಸಿಯು ತಾನೇ ಪಂಪು ನಿಲ್ಲಿಸುತ್ತದೆ. ಎರಡೂ ಉರಿಯುತ್ತಿರುವಾಗಲೇ ಎಂಜಿನ್ ಸತ್ತರೆ ಕರೆಂಟ್ ಪೂರೈಕೆಯನ್ನು ಬಿಟ್ಟು ಸೆನ್ಸರ್, ಮಾಡ್ಯೂಲ್, ಪೆಟ್ರೋಲ್ ಒತ್ತಡಗಳ ಕಡೆ ತಿರುಗಿ. ಎರಡು ಬಲ್ಬು, ಎರಡು ಫ್ಯೂಸ್, ಕೆಲವು ಮೀಟರ್ ವೈರು ಇಷ್ಟೇ ಸಾಮಗ್ರಿ. ಇಸಿಯುವಿನ ದೋಷದ ಕೋಡುಗಳನ್ನು ಓದುವ ದುಬಾರಿ ಸ್ಕ್ಯಾನರ್ ಹೇಳದ್ದನ್ನು ಇದು ಹೇಳುತ್ತದೆ. ಹಳೆಯ ಕಾರುಗಳ ಪ್ರತಿಯೊಂದು ಗ್ಯಾರೇಜಿನಲ್ಲೂ ಇಂಥದ್ದೊಂದು ಜೋಡಿ ಸಿದ್ಧವಾಗಿರಬೇಕು.

ಬಿಸಿಯಾದಾಗ ಮಾತ್ರ ನಿಂತು, ತಣಿದ ಮೇಲೆ ಸ್ಟಾರ್ಟ್ ಆಗುವ ಇಂಜೆಕ್ಷನ್ ಗಾಡಿಯಲ್ಲಿ ಮೊದಲ ಅನುಮಾನ ಕ್ರ್ಯಾಂಕ್ ಸೆನ್ಸರ್ ಮೇಲೆ. ಎರಡು ವೈರಿನ ಮ್ಯಾಗ್ನೆಟಿಕ್ ಸೆನ್ಸರಿನೊಳಗೆ ಕೂದಲಿನಷ್ಟು ತೆಳ್ಳಗಿನ ತಂತಿಯ ಸುರುಳಿ ಇರುತ್ತದೆ. ಅದರಲ್ಲಿ ಬಿರುಕು ಬಿಟ್ಟರೆ, ಬಿಸಿಗೆ ಹಿಗ್ಗಿದಾಗ ತುದಿಗಳು ಬೇರೆಯಾಗುತ್ತವೆ, ತಣಿದಾಗ ಮತ್ತೆ ಕೂಡುತ್ತವೆ. ತಣ್ಣಗಿರುವಾಗ ಅಳೆದರೆ ಮೀಟರ್ ಸರಿಯಾದ ಅಂಕಿಯನ್ನೇ ತೋರಿಸುತ್ತದೆ. ಅನೇಕ ಗಾಡಿಗಳಲ್ಲಿ ಅದು 200ರಿಂದ 1000 ಓಮ್ ಆಸುಪಾಸು, ನಿಖರ ಅಂಕಿಗೆ ಆಯಾ ಕಾರಿನ ಕೈಪಿಡಿಯನ್ನೇ ನೋಡಬೇಕು. ಆದ್ದರಿಂದ ಅಳೆಯಬೇಕಾದ್ದು ನಿಂತ ಕೂಡಲೇ, ಬಿಸಿ ಇರುವಾಗ. ಆಗ ಮೀಟರ್ ಅನಂತ ತೋರಿಸಿದರೆ ಸುರುಳಿ ತುಂಡಾಗಿದೆ. ಬಿಚ್ಚಿ ತಂದ ಸೆನ್ಸರಿಗೆ ಮೀಟರ್ ಜೋಡಿಸಿಟ್ಟು ಕೂದಲು ಒಣಗಿಸುವ ಯಂತ್ರದಿಂದ ಬಿಸಿಗಾಳಿ ಹಾಯಿಸಿ, ಅಂಕಿ ಜಿಗಿಯುವುದೇ ಎಂದು ನೋಡುವುದೂ ಒಳ್ಳೆಯ ಪರೀಕ್ಷೆ. ರಸ್ತೆಯಲ್ಲಾದರೆ ಒದ್ದೆ ಬಟ್ಟೆಯನ್ನು ಸೆನ್ಸರಿನ ಮೇಲೆ ಐದು ನಿಮಿಷ ಸುತ್ತಿಡಿ. ಅದೊಂದೇ ತಣಿದು, ಎಂಜಿನ್ ಇನ್ನೂ ಬಿಸಿಯಿರುವಾಗಲೇ ಸ್ಟಾರ್ಟ್ ಆದರೆ ಕಳ್ಳ ಸಿಕ್ಕಂತೆ. ಬಿಸಿ ಎಂಜಿನ್ನಿನ ಮೇಲೆ ನೀರು ಸುರಿಯಬಾರದು, ಎರಕದ ಲೋಹ ಸೀಳುತ್ತದೆ. ಕ್ರ್ಯಾಂಕ್ ಸೆನ್ಸರಿನ ಇನ್ನೊಂದು ಬಗೆಯಾದ ಮೂರು ವೈರಿನ ಹಾಲ್ ಸೆನ್ಸರನ್ನು ಓಮ್ ಅಳೆದು ಪರೀಕ್ಷಿಸಲು ಆಗುವುದಿಲ್ಲ. ಅದಕ್ಕೆ ಕರೆಂಟ್ ಮತ್ತು ಅರ್ಥ್ ಸರಿಯಾಗಿ ಬರುತ್ತಿದೆಯೇ, ಎಂಜಿನ್ ತಿರುಗಿದಾಗ ಸಿಗ್ನಲ್ ವೈರಿನಲ್ಲಿ ವೋಲ್ಟೇಜ್ ಏರಿಳಿಯುತ್ತದೆಯೇ ಎಂದು ನೋಡಬೇಕು.

ಇದೇ ಬಿಸಿಯ ಲಕ್ಷಣ ಇಗ್ನಿಷನ್ ಮಾಡ್ಯೂಲಿಗೂ ಉಂಟು, ಕಿಡಿಯ ಕರೆಂಟನ್ನು ಸರದಿಯಂತೆ ಪ್ಲಗ್ಗುಗಳಿಗೆ ಹಂಚುವ ಡಿಸ್ಟ್ರಿಬ್ಯೂಟರಿಗೇ ಅಂಟಿಕೊಂಡಂತೆ ಕೂರುವ ಮಾಡ್ಯೂಲಿಗಂತೂ ಹೆಚ್ಚು. ಅದರ ಬೆನ್ನಿಗೆ ಹಚ್ಚುವ ಶಾಖ ಸಾಗಿಸುವ ಪೇಸ್ಟ್ ಒಣಗಿದರೆ, ಅಥವಾ ಹೊಸದನ್ನು ಹಾಕುವಾಗ ಹಚ್ಚುವುದನ್ನೇ ಮರೆತರೆ, ಹೊಸ ಮಾಡ್ಯೂಲೂ ಬೇಗ ಸಾಯುತ್ತದೆ. ರಿಲೇಗಳ ಕಥೆಯೂ ಹಾಗೆಯೇ. ಬಿಸಿಲಿಗೆ ಕಾದ ಡ್ಯಾಶ್‌ಬೋರ್ಡಿನಡಿಯ ರಿಲೇಯನ್ನು ಬಿಚ್ಚಿ, ಭೂತಗನ್ನಡಿಯಲ್ಲಿ ಬೆಸುಗೆಯ ಚುಕ್ಕಿಗಳನ್ನು ನೋಡಿ. ಪಿನ್ನಿನ ಸುತ್ತ ಉಂಗುರದಂತೆ ತೆಳು ಬಿರುಕು ಕಂಡರೆ ಅದೇ ದೋಷ. ಮತ್ತೆ ಬೆಸೆದರೆ ರಿಲೇ ಸರಿಹೋಗುತ್ತದೆ. ರಸ್ತೆಯಲ್ಲಿ ಪರೀಕ್ಷಿಸಬೇಕಾದರೆ ಪಂಪಿನ ರಿಲೇ ಕಿತ್ತು, ಸಾಕೆಟ್ಟಿನ 30 ಮತ್ತು 87ನೇ ಸಂಖ್ಯೆಯ ಕಿಂಡಿಗಳನ್ನು 15 ಆಂಪಿಯರ್ ಫ್ಯೂಸ್ ಇರುವ ವೈರಿನಿಂದ ಕೂಡಿಸಿ. ಪಂಪು ಓಡಿದರೆ ಪಂಪು ಸರಿಯಿದೆ, ರಿಲೇ ಅಥವಾ ಅದನ್ನು ನಡೆಸುವ ಸಿಗ್ನಲ್ ಕೆಟ್ಟಿದೆ. ಆ ವೈರು ಹಾಕಿಕೊಂಡೇ ಗಾಡಿ ಓಡಿಸುತ್ತ ಹೋಗಬೇಡಿ. ಅಪಘಾತವಾದರೆ ಎಂಜಿನ್ ನಿಂತರೂ ಪಂಪು ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ.

ಕಾಯಿಲಿನ ಕರೆಂಟನ್ನು ಕಡಿದು ಕೂಡಿಸುವ ಪಾಯಿಂಟ್ ಇರುವ ಹಳೆಯ ಡಿಸ್ಟ್ರಿಬ್ಯೂಟರುಗಳಲ್ಲಿ ಬಹಳ ಮಂದಿ ಕಾಣದೇ ಬಿಡುವ ಒಂದು ಜಾಗವಿದೆ. ಪಾಯಿಂಟಿನಿಂದ ಹೊರಗಿನ ಟರ್ಮಿನಲ್ಲಿಗೆ ಬರುವ ಗೇಣಿಗೂ ಕಡಿಮೆ ಉದ್ದದ ಮೆತ್ತನೆಯ ವೈರು, ಮತ್ತು ಪಾಯಿಂಟ್ ಕೂರುವ ತಟ್ಟೆಯ ಅರ್ಥಿಂಗ್ ವೈರು. ಎಕ್ಸಲರೇಟರ್ ಏರಿಳಿದಂತೆಲ್ಲ ಕಿಡಿಯ ಸಮಯ ಹೊಂದಿಸುವ ವ್ಯಾಕ್ಯೂಮ್ ಅಡ್ವಾನ್ಸ್ ಆ ತಟ್ಟೆಯನ್ನು ಎಳೆದಾಡುತ್ತದೆ. ವರ್ಷಗಟ್ಟಲೆ ಬಾಗಿ ಬಾಗಿ, ಹೊರಗಿನ ಕವಚ ಸರಿಯಿದ್ದಂತೆಯೇ ಒಳಗಿನ ತಾಮ್ರ ತುಂಡಾಗುತ್ತದೆ. ನಿಂತ ಗಾಡಿಯಲ್ಲಿ ಎಂಜಿನ್ ಚೆನ್ನಾಗಿಯೇ ಓಡುತ್ತದೆ, ರಸ್ತೆಯಲ್ಲಿ ತಟ್ಟೆ ತಿರುಗಿದ ಕ್ಷಣ ಕಿಡಿ ತಪ್ಪುತ್ತದೆ. ವೈರನ್ನು ಎರಡು ತುದಿ ಹಿಡಿದು ಮೆಲ್ಲಗೆ ಎಳೆಯಿರಿ: ಕವಚ ರಬ್ಬರಿನಂತೆ ಉದ್ದವಾದರೆ ಒಳಗೆ ತಾಮ್ರವಿಲ್ಲ. ಅಡ್ವಾನ್ಸ್ ಕೊಳವೆಗೆ ಬಾಯಿಂದ ಗಾಳಿ ಎಳೆದು ತಟ್ಟೆ ಸರಿಸುತ್ತ ಮೀಟರಿನಲ್ಲಿ ನೋಡುವುದು ಇನ್ನೂ ಖಚಿತ. ಎಲೆಕ್ಟ್ರಾನಿಕ್ ಡಿಸ್ಟ್ರಿಬ್ಯೂಟರಿನಲ್ಲಿ ಪಾಯಿಂಟಿನ ಬದಲಿಗಿರುವ ಪಿಕಪ್ ಕಾಯಿಲ್ ವೈರುಗಳಿಗೂ ಇದೇ ಗತಿ.

ಪಾಯಿಂಟಿನ ಅಂತರ ಹಲವು ನಾಲ್ಕು ಸಿಲಿಂಡರ್ ಗಾಡಿಗಳಲ್ಲಿ 0.35ರಿಂದ 0.45 ಮಿ.ಮೀ. ನಡುವೆ. ಪಾಯಿಂಟಿನಲ್ಲೇ ಕಿಡಿ ಹಾರದಂತೆ ತಡೆಯುವ ಕಂಡೆನ್ಸರ್ ಕೆಟ್ಟರೆ ಪಾಯಿಂಟಿನ ಮುಖ ಸುಟ್ಟು ಗುಂಡಿ ಬೀಳುತ್ತದೆ, ಬಿಸಿಯಾದಾಗ ಮಿಸ್ಸಿಂಗ್ ಹೊಡೆದು ನಿಲ್ಲುತ್ತದೆ. ಕಾಯಿಲಿನ ಪ್ರೈಮರಿ, ಅಂದರೆ ಬ್ಯಾಟರಿಯ ಕರೆಂಟ್ ಹರಿಯುವ ಸುರುಳಿ, ಹೊರಗೆ ಕರೆಂಟ್ ತಗ್ಗಿಸುವ ಬಲಾಸ್ಟ್ ರೆಸಿಸ್ಟರ್ ಇಲ್ಲದ ಹಳೆಯ ಪದ್ಧತಿಯಲ್ಲಿ ಸುಮಾರು 3 ಓಮ್, ಇದ್ದರೆ ಸುಮಾರು 1.5 ಓಮ್. ಬಲಾಸ್ಟ್ ಬೇಕಾದ ಕಾಯಿಲನ್ನು ಬಲಾಸ್ಟ್ ಇಲ್ಲದೆ ಹಾಕಿದರೆ ಕರೆಂಟ್ ದುಪ್ಪಟ್ಟಾಗಿ ಅರ್ಧ ಗಂಟೆಯಲ್ಲಿ ಮುಟ್ಟಲಾಗದಷ್ಟು ಬಿಸಿಯಾಗಿ, ಕಿಡಿ ಬಡವಾಗಿ, ಗಾಡಿ ನಿಲ್ಲುತ್ತದೆ. ಕಾಯಿಲ್ ಬದಲಾಯಿಸಿದ ಮೇಲೆ ದೋಷ ಶುರುವಾಗಿದ್ದರೆ ಮೊದಲು ಇದನ್ನೇ ನೋಡಬೇಕು. ಇನ್ನು ಸೆಲ್ಫ್ ಹೊಡೆದಾಗ ಎಂಜಿನ್ ಹಿಡಿದು, ಕೀಲಿ ಬಿಟ್ಟ ತಕ್ಷಣ ಸಾಯುತ್ತದೆಯಾದರೆ ಬಲಾಸ್ಟ್ ತುಂಡಾಗಿದೆ ಅಥವಾ ಇಗ್ನಿಷನ್ ಸ್ವಿಚ್ಚಿನ ಸಂಪರ್ಕ ಸವೆದಿದೆ. ಎಂಜಿನ್ ಓಡುವಾಗ ಕೀಲಿಯನ್ನು ಅಲುಗಾಡಿಸಿದರೆ ಅದು ತಡವರಿಸುತ್ತದೆಯೇ ಎಂಬುದನ್ನು ಗಾಡಿ ನಿಲ್ಲಿಸಿಕೊಂಡು ನೋಡಿ. ಹತ್ತಾರು ಕೀಲಿಗಳ ಗೊಂಚಲು ನೇತುಹಾಕುವುದರಿಂದ ಈ ಸ್ವಿಚ್ ಬೇಗ ಸವೆಯುತ್ತದೆ.

ಪೆಟ್ರೋಲಿನ ಕಡೆಯ ದೋಷಗಳಲ್ಲಿ ಬಹಳ ಸತಾಯಿಸುವುದು ಟ್ಯಾಂಕಿನೊಳಗಿನ ಕಸ. ಹೆದ್ದಾರಿಯಲ್ಲಿ ವೇಗವಾಗಿ ಹೋಗುವಾಗ ಪಂಪಿನ ಎಳೆತಕ್ಕೆ ತುಕ್ಕು, ಕೆಸರು ಬಂದು ಜಾಲರಿಗೆ ಅಂಟುತ್ತದೆ. ಎಂಜಿನ್ ನಿಲ್ಲುತ್ತದೆ. ಎಳೆತ ನಿಂತ ಮೇಲೆ ಕಸ ಕಳಚಿ ತಳಕ್ಕೆ ಇಳಿಯುತ್ತದೆ, ಹತ್ತು ನಿಮಿಷದಲ್ಲಿ ಗಾಡಿ ಸ್ಟಾರ್ಟ್. ಇದನ್ನು ಬಿಸಿಯ ದೋಷವೆಂದು ತಿಳಿದು ಸೆನ್ಸರ್ ಬದಲಿಸುವವರೇ ಹೆಚ್ಚು. ವ್ಯತ್ಯಾಸ ತಿಳಿಯುವುದು ಒತ್ತಡದ ಗೇಜಿನಿಂದ. ಕಾರ್ಬುರೇಟರ್ ಗಾಡಿಗೆ ಸುಮಾರು 0.2ರಿಂದ 0.35 ಬಾರ್ ಸಾಕು, ಪ್ರತಿ ಸಿಲಿಂಡರಿಗೂ ಒಂದೊಂದು ಇಂಜೆಕ್ಟರ್ ಇರುವ ಮಲ್ಟಿಪಾಯಿಂಟ್ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ 2.5ರಿಂದ 3.5 ಬಾರ್ ಬೇಕು. ಗೇಜಿನ ಕೊಳವೆಯನ್ನು ಬಾನೆಟ್ಟಿನ ಸಂದಿಯಿಂದ ಹೊರತಂದು, ಗೇಜನ್ನು ಮುಂದಿನ ಗಾಜಿನ ಹೊರಮೈಗೆ ಭದ್ರವಾಗಿ ಅಂಟಿಸಿ ಓಡಿಸಬೇಕು. ಕಾರಿನೊಳಗೆ ಮಾತ್ರ ತರಲೇಬಾರದು. ಕೊಳವೆ ಬಿಟ್ಟರೆ ಪೆಟ್ರೋಲ್ ಮೈಮೇಲೆ ಬೀಳುತ್ತದೆ. ನಿಲ್ಲುವ ಮುನ್ನ ಮುಳ್ಳು ಇಳಿಯುತ್ತ ಬಂದರೆ ಜಾಲರಿ, ಫಿಲ್ಟರ್, ಪಂಪು ನೋಡಿ. ಮುಳ್ಳು ಅಲುಗದೆ ನಿಂತಿರುವಾಗ ಎಂಜಿನ್ ಸತ್ತರೆ ಪೆಟ್ರೋಲಿನ ಮಾತು ಅಲ್ಲಿಗೇ ಬಿಡಿ.

ಒತ್ತಡವಿದ್ದರೂ ಪ್ರಮಾಣ ಸಾಲದಿರಬಹುದು. ಹೆಚ್ಚಾದ ಪೆಟ್ರೋಲನ್ನು ಟ್ಯಾಂಕಿಗೆ ಮರಳಿಸುವ ರಿಟರ್ನ್ ಕೊಳವೆಯನ್ನು ಅಳತೆಯ ಡಬ್ಬಿಗೆ ಬಿಟ್ಟು ಪಂಪು ಓಡಿಸಿದರೆ ಬಹುತೇಕ ಇಂಜೆಕ್ಷನ್ ಪಂಪುಗಳು 30 ಸೆಕೆಂಡಿಗೆ ಅರ್ಧ ಲೀಟರಾದರೂ ಕೊಡಬೇಕು. ಬಯಲಿನಲ್ಲಿ, ಎಂಜಿನ್ ತಣ್ಣಗಿರುವಾಗ, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿಟ್ಟುಕೊಂಡು ಮಾತ್ರ ಈ ಕೆಲಸ. ಟ್ಯಾಂಕಿನೊಳಗಿನ ಪಂಪು ತಣಿಯುವುದು ಸುತ್ತಲಿನ ಪೆಟ್ರೋಲಿನಿಂದಲೇ. ಆದ್ದರಿಂದ ಕಾಲು ಟ್ಯಾಂಕಿಗಿಂತ ಕಡಿಮೆ ಇದ್ದಾಗ ಮಾತ್ರ ನಿಲ್ಲುವ ಗಾಡಿಯಲ್ಲಿ ಸವೆದ ಪಂಪು ಇರುವ ಸಾಧ್ಯತೆ ಹೆಚ್ಚು. ಪಂಪಿಗೆ ತಪ್ಪು ಹೊರಿಸುವ ಮೊದಲು ಅದು ಓಡುವಾಗ ಅದರ ವೈರಿನ ಕನೆಕ್ಟರಿನಲ್ಲಿ ಎಷ್ಟು ವೋಲ್ಟ್ ಸಿಗುತ್ತಿದೆ ಎಂದು ಅಳೆಯಿರಿ. ಬ್ಯಾಟರಿಗೂ ಅಲ್ಲಿಗೂ ಅರ್ಧ ವೋಲ್ಟಿಗಿಂತ ಬಹಳ ಹೆಚ್ಚು ವ್ಯತ್ಯಾಸವಿದ್ದರೆ ತುಕ್ಕು ಹಿಡಿದ ಕನೆಕ್ಟರ್ ಅಥವಾ ಅರ್ಥಿಂಗ್ ಪಂಪನ್ನು ಉಪವಾಸ ಕೆಡವುತ್ತಿದೆ.

ಹಳೆಯ ರಬ್ಬರ್ ಕೊಳವೆಗಳು ಇನ್ನೊಂದು ಗುಪ್ತ ಜಾಗ. ಎಥನಾಲ್ ಬೆರೆತ ಪೆಟ್ರೋಲನ್ನು ಲೆಕ್ಕಕ್ಕೆ ಹಿಡಿಯದೆ ತಯಾರಾದ ಕೊಳವೆಗಳ ಒಳಪದರ ಮೆತ್ತಗಾಗಿ ಸುಲಿದು ನಾಲಿಗೆಯಂತೆ ಜೋತುಬೀಳುತ್ತದೆ. ಹರಿವು ಹೆಚ್ಚಿದಾಗ ಆ ನಾಲಿಗೆಯೇ ದಾರಿ ಮುಚ್ಚುತ್ತದೆ. ಎಂಜಿನ್ನಿನ ಮೇಲೆ ಮೆಕ್ಯಾನಿಕಲ್ ಪಂಪು ಇರುವ ಗಾಡಿಗಳಲ್ಲಿ ಟ್ಯಾಂಕಿನಿಂದ ಪಂಪಿನವರೆಗಿನ ಕೊಳವೆ ಸೀಳಿದರೆ ಪೆಟ್ರೋಲ್ ಹೊರಗೆ ಸೋರುವುದಕ್ಕಿಂತ ಗಾಳಿ ಒಳಗೆ ಹೋಗುತ್ತದೆ, ನೆಲದ ಮೇಲೆ ಒಂದು ಹನಿಯೂ ಕಾಣುವುದಿಲ್ಲ. ಹದಿನೈದು ವರ್ಷ ದಾಟಿದ ಕೊಳವೆಯನ್ನು ಪರೀಕ್ಷಿಸುತ್ತ ಕೂರುವುದಕ್ಕಿಂತ, ಎಥನಾಲ್ ತಡೆಯುವ, ಒತ್ತಡಕ್ಕೆ ತಕ್ಕ ದರ್ಜೆಯ ಹೊಸದನ್ನು ಹಾಕುವುದೇ ಲೇಸು. ಊಹೆಯಿಂದ ಬದಲಿಸಬೇಡಿ ಎಂಬ ಮಾತಿಗೆ ಇದೊಂದು ಅಪವಾದ, ಬೆಂಕಿಯ ಭಯವಿರುವುದರಿಂದ.

ಬೇಸಿಗೆಯ ವಾಹನದಟ್ಟಣೆಯಲ್ಲಿ ನಿಲ್ಲುವ ಕಾರ್ಬುರೇಟರ್ ಗಾಡಿಗೆ ವೇಪರ್ ಲಾಕ್ ಕಾರಣವಿರಬಹುದು. ಪೆಟ್ರೋಲಿನ ಹಗುರವಾದ ಅಂಶಗಳು 40 ಡಿಗ್ರಿಗೂ ಮೊದಲೇ ಆವಿಯಾಗತೊಡಗುತ್ತವೆ, ಸೈಲೆನ್ಸರ್ ಪೈಪಿನ ಪಕ್ಕ ಹಾದುಹೋಗುವ ಕೊಳವೆಯಲ್ಲಿ ಗುಳ್ಳೆ ತುಂಬಿ ಪಂಪಿಗೆ ಹಿಡಿತ ತಪ್ಪುತ್ತದೆ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿದರೆ ಸರಿಹೋಗುತ್ತದೆಯಾದರೆ ಕೊಳವೆಯ ದಾರಿ ಬದಲಿಸಿ, ಕಳಚಿಟ್ಟ ಶಾಖತಡೆಯ ತಗಡನ್ನು ಮತ್ತೆ ಹಾಕಿ, ಕಾರ್ಬುರೇಟರಿನ ಅಡಿಯ ದಪ್ಪ ಇನ್ಸುಲೇಟರ್ ಇದೆಯೇ ನೋಡಿ. ಇದಕ್ಕೆ ತದ್ವಿರುದ್ಧವಾದ ದೋಷವೂ ಇದೆ. ತಂಪಾದ, ತೇವ ತುಂಬಿದ ಹವೆಯಲ್ಲಿ ಪೆಟ್ರೋಲ್ ಆವಿಯಾಗುವಾಗ ಶಾಖ ಹೀರಿ ಥ್ರಾಟಲ್ ತಟ್ಟೆಯ ಮೇಲೆ ಮಂಜುಗಡ್ಡೆ ಕಟ್ಟುತ್ತದೆ. ಎಂಜಿನ್ ನಿಂತ ಮೇಲೆ ಕರಗಿ ಸುಳಿವೇ ಉಳಿಯುವುದಿಲ್ಲ. ಏರ್ ಫಿಲ್ಟರಿಗೆ ಬಿಸಿಗಾಳಿ ತರುವ ಕೊಳವೆ ಕಿತ್ತುಹೋದ ಗಾಡಿಗಳಲ್ಲಿ ಇದು ಕಾಣುತ್ತದೆ.

ಓಡುವಾಗ ಸರಿಯಿದ್ದು ಸಿಗ್ನಲ್ಲಿಗೆ ಬಂದು ಕಾಲು ತೆಗೆದಾಗ ಮಾತ್ರ ನಿಲ್ಲುವ ಗಾಡಿಯದು ಬೇರೆ ಜಾತಿಯ ದೋಷ, ಅದನ್ನು ಮೇಲಿನದರೊಂದಿಗೆ ಬೆರೆಸಬಾರದು. ಇಲ್ಲಿ ನೋಡಬೇಕಾದ್ದು ಗಾಳಿಯ ಲೆಕ್ಕ. ಕಾಲು ತೆಗೆದಾಗಿನ ನಿಧಾನ ಓಟಕ್ಕೆ (ಐಡಲ್) ಗಾಳಿ ಹೊಂದಿಸುವ ಐಡಲ್ ಕಂಟ್ರೋಲ್ ವಾಲ್ವಿನಲ್ಲಿ ಮಸಿ, ಥ್ರಾಟಲ್ ಬಾಡಿಯ ಅಂಚಿನ ಕೊಳೆ, ಸೀಳಿದ ವ್ಯಾಕ್ಯೂಮ್ ಕೊಳವೆ, ಹೊಗೆಯ ಒಂದಷ್ಟನ್ನು ಮತ್ತೆ ಎಂಜಿನ್ನಿಗೆ ಬಿಡುವ, ತೆರೆದೇ ಉಳಿದ ಇಜಿಆರ್ ವಾಲ್ವ್. ಕಾರ್ಬುರೇಟರಿನಲ್ಲಾದರೆ ಕೀಲಿ ಆಫ್ ಆದಾಗ ಐಡಲಿನ ಪೆಟ್ರೋಲ್ ದಾರಿ ಮುಚ್ಚುವ ಐಡಲ್ ಕಟ್ ಸೊಲೆನಾಯ್ಡ್: ಕೀಲಿ ಆನ್ ಮಾಡಿ ಅದರ ವೈರು ತೆಗೆದು ಹಾಕಿದರೆ ಟಕ್ ಎನ್ನಬೇಕು. ಬ್ರೇಕ್ ಒತ್ತಿ ಹಿಡಿದಾಗ ಎಂಜಿನ್ ತಡವರಿಸಿದರೆ ಬೂಸ್ಟರಿನ ಡಯಾಫ್ರಾಮ್ ಹರಿದಿದೆ, ಅದನ್ನು ಆ ದಿನವೇ ಸರಿಪಡಿಸಬೇಕು. ಆಟೊಮ್ಯಾಟಿಕ್ ಗೇರಿನ ಗಾಡಿ ಕ್ಲಚ್ ಒತ್ತದೆ ನಿಲ್ಲಿಸಿದಂತೆ ನಡುಗಿ ಸತ್ತರೆ ಎಂಜಿನ್ನನ್ನು ಗೇರ್‌ಬಾಕ್ಸಿಗೆ ನೇರವಾಗಿ ಕೂಡಿಸುವ ಟಾರ್ಕ್ ಕನ್ವರ್ಟರಿನ ಲಾಕಪ್ ಬಿಡುತ್ತಿಲ್ಲ. ವ್ಯಾಕ್ಯೂಮ್ ಗೇಜ್ ಇದ್ದರೆ ಆರೋಗ್ಯವಂತ ಎಂಜಿನ್ ಐಡಲಿನಲ್ಲಿ 17ರಿಂದ 21 ಇಂಚು ಪಾದರಸ ತೋರಿಸುತ್ತದೆ. 2500 ಆರ್‌ಪಿಎಂನಲ್ಲಿ ಹಿಡಿದಾಗ ಮುಳ್ಳು ನಿಧಾನವಾಗಿ ಇಳಿಯುತ್ತಲೇ ಹೋದರೆ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿರುವ ಶಂಕೆ.

ಸ್ಕ್ಯಾನರ್ ಬಗ್ಗೆ ಒಂದು ಮಾತು. ಇಸಿಯು ತಾನೇ ದೋಷ ದಾಖಲಿಸುವ ಒಬಿಡಿ ಎಂಬ ವ್ಯವಸ್ಥೆಯ ಎರಡನೇ ಪೀಳಿಗೆಯ ಕೋಡುಗಳು ಅಮೆರಿಕದಲ್ಲಿ 1996ರಿಂದ ಕಡ್ಡಾಯವಾದವು, ಅದಕ್ಕೂ ಹಿಂದಿನ ಹಲವು ಕಾರುಗಳಲ್ಲಿ ದೀಪ ಮಿಣುಕಿಸಿ ಓದುವ ಕೋಡುಗಳಿದ್ದವು. ಪಿ0335 ಎಂದು ಬಂದರೆ ಕ್ರ್ಯಾಂಕ್ ಸೆನ್ಸರ್ ಸರ್ಕೀಟಿನಲ್ಲಿ ದೋಷ ಎಂದರ್ಥವೇ ಹೊರತು ಸೆನ್ಸರ್ ಕೆಟ್ಟಿದೆ ಎಂದಲ್ಲ. ವೈರು ಸೈಲೆನ್ಸರಿಗೆ ತಾಗಿ ಕರಗಿದ್ದರೂ ಅದೇ ಕೋಡ್ ಬರುತ್ತದೆ. ಕೋಡ್ ಇಲ್ಲವೆಂದ ಮಾತ್ರಕ್ಕೆ ಸೆನ್ಸರ್ ನಿರ್ದೋಷಿಯೂ ಅಲ್ಲ.

ಬ್ಯಾಟರಿ ಚಾರ್ಜ್ ಆಗದೆ ನಿಲ್ಲುವ ಗಾಡಿಯನ್ನು ಗುರುತಿಸುವುದು ಸುಲಭ. ದೀಪಗಳು ಮಂಕಾಗುತ್ತ ಬಂದು ಎಂಜಿನ್ ಸಾಯುತ್ತದೆ, ಮತ್ತೆ ಸೆಲ್ಫ್ ಹೊಡೆಯುವುದಿಲ್ಲ. ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ 13.8ರಿಂದ 14.4 ವೋಲ್ಟ್ ಇರಬೇಕು. ಡೀಸೆಲ್ ಗಾಡಿಗಳಲ್ಲಿ ಕಿಡಿಯ ಪ್ರಶ್ನೆಯೇ ಇಲ್ಲ. ಪಂಪಿನ ಮೇಲಿನ, ಡೀಸೆಲ್ ತಡೆದು ಎಂಜಿನ್ ನಿಲ್ಲಿಸುವ ಸ್ಟಾಪ್ ಸೊಲೆನಾಯ್ಡಿಗೆ 12 ವೋಲ್ಟ್ ಬರುತ್ತಿದೆಯೇ, ಫಿಲ್ಟರ್ ಕಟ್ಟಿದೆಯೇ, ಕೊಳವೆಯಲ್ಲಿ ಗಾಳಿ ಸೇರುತ್ತಿದೆಯೇ ಎಂದು ಆ ಕ್ರಮದಲ್ಲೇ ನೋಡಬೇಕು. ಫಿಲ್ಟರಿನ ಆಚೆ ಈಚೆ ಪಾರದರ್ಶಕ ಕೊಳವೆಯ ತುಂಡು ಹಾಕಿದರೆ ಗಾಳಿಗುಳ್ಳೆ ಕಣ್ಣಿಗೇ ಕಾಣುತ್ತದೆ.

ಒಂದು ಸಂದರ್ಭದಲ್ಲಿ ಮಾತ್ರ ಯಾವ ಪರೀಕ್ಷೆಗೂ ಮತ್ತೆ ಸೆಲ್ಫ್ ಹೊಡೆಯಬಾರದು. ಎಂಜಿನ್ ದಿಢೀರನೆ ನಿಂತು, ಆಮೇಲೆ ಸೆಲ್ಫ್ ಹೊಡೆದಾಗ ಎಂದಿಗಿಂತ ಹಗುರವಾಗಿ, ಒಂದೇ ಸಮನೆ ಸುಯ್ಯೆಂದು ತಿರುಗಿದರೆ ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ತೆರೆಸುವ ಟೈಮಿಂಗ್ ಬೆಲ್ಟ್ ತುಂಡಾಗಿರಬಹುದು. ಅನೇಕ ಎಂಜಿನ್‌ಗಳಲ್ಲಿ ಬೆಲ್ಟ್ ಹೋದಾಗ ವಾಲ್ವಿಗೆ ಪಿಸ್ಟನ್ ಬಡಿಯುತ್ತದೆ. ಇನ್ನೊಮ್ಮೆ ತಿರುಗಿಸಿದರೆ ಉಳಿದ ವಾಲ್ವುಗಳೂ ಬಾಗುತ್ತವೆ. ಆಯಿಲ್ ತುಂಬುವ ಮುಚ್ಚಳ ತೆಗೆದು, ಕೈ ದೂರವಿಟ್ಟು, ಇನ್ನೊಬ್ಬರಿಂದ ಕೇವಲ ಅರೆಕ್ಷಣ ತಿರುಗಿಸಿ ನೋಡುವವರಿದ್ದಾರೆ. ಅದೂ ಬೇಡ. ಬೆಲ್ಟಿನ ಮೇಲ್ಮುಚ್ಚಳ ಬಿಚ್ಚಿ ಕಣ್ಣಿಂದ ನೋಡಿ.

ದುರಸ್ತಿಯಾದ ಮೇಲೆ ಆ ಎರಡು ಬಲ್ಬುಗಳನ್ನು ಕೂಡಲೇ ಬಿಚ್ಚಬೇಡಿ. ಮೊದಲು ಯಾವ ಸ್ಥಿತಿಯಲ್ಲಿ ನಿಲ್ಲುತ್ತಿತ್ತೋ ಅದೇ ಬಿಸಿ, ಅದೇ ವೇಗ, ಟ್ಯಾಂಕಿನಲ್ಲಿ ಅಷ್ಟೇ ಪೆಟ್ರೋಲ್ ಇಟ್ಟುಕೊಂಡು ಓಡಿಸಿ ನೋಡಿ. ತೆಗೆದ ಹಳೆಯ ಭಾಗವನ್ನು ಮಾಲೀಕರಿಗೆ ಕೊಟ್ಟು, ಅದು ಯಾವ ಪರೀಕ್ಷೆಯಲ್ಲಿ ಎಷ್ಟು ಅಂಕಿ ತೋರಿಸಿ ಸೋತಿತು ಎಂದು ಬಿಲ್ಲಿನಲ್ಲೇ ಬರೆಯುವ ಪದ್ಧತಿ ಗ್ಯಾರೇಜುಗಳಲ್ಲಿ ಬರಬೇಕು. ಮಾಲೀಕರೂ ಅದನ್ನು ಕೇಳಿ ಪಡೆಯಬೇಕು. ತಮ್ಮ ವಾಹನ ಪುಟದಲ್ಲಿ ಹಳೆಯ ಕಾರುಗಳ ಇಂಥ ದೋಷಗಳಿಗೆ ತಿಂಗಳಿಗೊಂದು ಅಂಕಣದ ಜಾಗವನ್ನಾದರೂ ಕೊಡಬೇಕೆಂದು ಕೋರುತ್ತೇನೆ. ಮೊದಲ ಕಂತಿಗೆ ಅರ್ಥಿಂಗ್ ದೋಷಗಳ ವಿಷಯ ತಕ್ಕುದಾಗಿದೆ.

ಇತಿ,
ತಮ್ಮ ಓದುಗ